ಎರಡು ಲಿಪಿಯ ಆ್ಯಪ್‌ಗೆ ಟೆಸ್ಟ್: ಜೆಸ್ಟ್, ವೀಟೆಸ್ಟ್, ಸೈಪ್ರೆಸ್, ಪ್ಲೇರೈಟ್

ಕಾಸರಗೋಡಿನ ಕಡೆ ಸಹಕಾರಿ ಸಂಘಕ್ಕೋ ಪಂಚಾಯತಿಗೋ ವೆಬ್ ಆ್ಯಪ್ ಮಾಡುವುದೆಂದರೆ ಮೊದಲ ದಿನದಿಂದಲೇ ಎರಡು ಲಿಪಿಯ ಕೆಲಸ. ಅಡಿಕೆ ಖರೀದಿಯ ರಶೀದಿ ಆ್ಯಪನ್ನೇ ತೆಗೆದುಕೊಳ್ಳಿ: ಬೆಳೆಗಾರರ ಹೆಸರು ಕನ್ನಡದಲ್ಲೂ ಬರಬಹುದು, ಮಲಯಾಳದಲ್ಲೂ ಬರಬಹುದು; ಆಮೇಲೆ ತೂಕ, ದರ, ಮೊತ್ತ; ಕೊನೆಗೆ ಹೊಸ ಟ್ಯಾಬಿನಲ್ಲಿ ತೆರೆಯುವ ಪಿಡಿಎಫ್. ಇಂಥ ಆ್ಯಪ್ ಮುಂದಿಟ್ಟುಕೊಂಡು ನಾಲ್ಕು ಟೆಸ್ಟ್ ಟೂಲುಗಳನ್ನು (ಕೋಡಿನ ಬಿಡಿ ಭಾಗಗಳಿಗೆ ಜೆಸ್ಟ್, ವೀಟೆಸ್ಟ್; ಬ್ರೌಸರಿನಲ್ಲಿ ಇಡೀ ಆ್ಯಪಿಗೆ ಸೈಪ್ರೆಸ್, ಪ್ಲೇರೈಟ್) ಓಡಿಸಿದಾಗ ಕಂಡ ವ್ಯತ್ಯಾಸಗಳಿವು.

ಯೂನಿಟ್ ಟೆಸ್ಟಿನ, ಅಂದರೆ ಬಿಡಿ ಭಾಗಗಳ ಪರೀಕ್ಷೆಯ, ಮಟ್ಟಿಗೆ ಹೆಚ್ಚು ಚರ್ಚೆ ಬೇಡ. ರಿಯಾಕ್ಟ್ ಪ್ರಾಜೆಕ್ಟ್ ಶುರುಮಾಡಿಕೊಡುತ್ತಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಟೂಲನ್ನು 2025ರಲ್ಲಿ ಅಧಿಕೃತವಾಗಿ ಕೈಬಿಟ್ಟ ಮೇಲೆ ಹೊಸ ಪ್ರಾಜೆಕ್ಟ್ ಹೆಚ್ಚಾಗಿ ವೀಟ್ ಎಂಬ ಬಿಲ್ಡ್ ಟೂಲಿನಿಂದಲೇ ಶುರುವಾಗುತ್ತದೆ. ವೀಟ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನೇ ವೀಟೆಸ್ಟ್ ಓದುತ್ತದೆ. ಜೆಸ್ಟ್ ಆದರೆ ಕೋಡನ್ನು ಅದಕ್ಕೆ ತಿಳಿಯುವ ರೂಪಕ್ಕೆ ತರುವ ಬೇಬಲ್ ಜೋಡಿಸಬೇಕು, ಸಿಎಸ್‌ಎಸ್ ಇಂಪೋರ್ಟಿಗೆ ಬದಲಿ ಕೊಡಬೇಕು, ಇಂಪೋರ್ಟ್ ಮೆಟಾ (import.meta) ಇರುವ ಫೈಲಿನಲ್ಲಿ ಎರರ್ ಬರುತ್ತದೆ. ಹಳೆಯ ಜೆಸ್ಟ್ ಟೆಸ್ಟುಗಳ ರಾಶಿಯೇ ಇದ್ದರೆ ಮಾತ್ರ ಅದರಲ್ಲೇ ಉಳಿಯಿರಿ. ಬ್ರೌಸರಿಲ್ಲದೆ ಪುಟವನ್ನು ಅನುಕರಿಸುವ ಜೆಎಸ್‌ಡಾಮನ್ನು ಎರಡಕ್ಕೂ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು.

ಯಾವುದನ್ನು ಆರಿಸಿದರೂ ಮೊದಲು ಬರೆಯಬೇಕಾದ್ದು ಹೆಸರಿನ ಟೆಸ್ಟ್. ಕನ್ನಡದ ಓತ್ವ ಒಂದೇ ಕೋಡಾಗಿಯೂ ಬರುತ್ತದೆ, ಮೂರು ತುಂಡಾಗಿಯೂ ಬರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ. ಸೇವ್ ಮಾಡುವ ಮುನ್ನ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ, ಅಂದರೆ ತುಂಡುಗಳನ್ನು ಒಂದೇ ಕೋಡಿಗೆ ಸೇರಿಸಿದರೆ, ಇದು ಸರಿಹೋಗುತ್ತದೆ. ಸ್ವರವಿಲ್ಲದ ವ್ಯಂಜನ ಸೂಚಿಸುವ ಮಲಯಾಳದ ಚಿಲ್ಲಕ್ಷರಗಳಿಗೆ ಆ ಮದ್ದು ನಾಟುವುದಿಲ್ಲ. 2008ರ ಯೂನಿಕೋಡ್ 5.1 ಅವಕ್ಕೆ ಸ್ವಂತ ಕೋಡ್ ಕೊಟ್ಟಿತು. ವ್ಯಂಜನಕ್ಕೆ ಚಂದ್ರಕ್ಕಲ (ಹಲಂತ ಚಿಹ್ನೆ), ಜೋಡಕ (ಕಣ್ಣಿಗೆ ಕಾಣದ ZWJ) ಸೇರಿಸಿ ಬರೆಯುವ ಹಳೆಯ ರೂಪವನ್ನು ಎನ್‌ಎಫ್‌ಸಿ ಅದಕ್ಕೆ ಹೊಂದಿಸುವುದಿಲ್ಲ. ಪರಿವರ್ತನೆಯ ಪಟ್ಟಿಯನ್ನು ನೀವೇ ಬರೆಯಬೇಕು. ‘ಸೇವ್’ ಎಂಬಂಥ ಪದದ ಕೊನೆಯಲ್ಲಿ ಕೆಲವು ಕೀಬೋರ್ಡುಗಳು ಬಿಟ್ಟುಹೋಗುವ ಕಾಣದ ವಿಭಜಕ (ZWNJ) ಇನ್ನೊಂದು ಕಿರಿಕಿರಿ. ತುದಿಯ ಖಾಲಿ ಜಾಗ ಕತ್ತರಿಸುವ ಟ್ರಿಮ್ ಅದನ್ನು ತೆಗೆಯುವುದಿಲ್ಲ. ಬಟನ್ ಎದುರಿಗೇ ಇದ್ದರೂ ಟೆಸ್ಟ್ ‘ಸಿಗಲಿಲ್ಲ’ ಎನ್ನುತ್ತದೆ.

ನಿಜವಾದ ಆಯ್ಕೆ ಇರುವುದು ಬ್ರೌಸರ್ ಟೆಸ್ಟಿನಲ್ಲಿ. ಜೆಎಸ್‌ಡಾಮಿಗೆ ಲೇಔಟ್ ಇಲ್ಲ, ಅಳತೆ ಕೇಳಿದರೆ ಎಲ್ಲಕ್ಕೂ ಸೊನ್ನೆ. ಮಲಯಾಳದ ಉದ್ದ ಪದ ಬಟನ್ನಿನಿಂದ ಹೊರಗೆ ಚಾಚಿದೆಯೇ ಎಂಬುದು ಅಲ್ಲಿ ತಿಳಿಯುವಂತೆಯೇ ಇಲ್ಲ. ಬ್ರೌಸರಿನಲ್ಲಿ 360 ಪಿಕ್ಸೆಲ್ ಅಗಲಕ್ಕೆ ಎರಡೂ ಭಾಷೆ ಹಾಕಿ, ಸ್ಕ್ರೋಲ್ ಅಗಲ (ಒಳಗಿನ ಬರಹದ್ದು) ಕ್ಲೈಂಟ್ ಅಗಲವನ್ನು (ಕಾಣುವ ಜಾಗದ್ದು) ಮೀರಿದರೆ ಫೇಲ್ ಮಾಡಿ.

ಸೈಪ್ರೆಸ್ ಹೊಸಬರಿಗೆ ಒಳ್ಳೆಯ ಮೇಷ್ಟ್ರು. ಪ್ರತಿ ಹೆಜ್ಜೆಯನ್ನೂ ಹಿಂದೆ ಹೋಗಿ ನೋಡಬಹುದು, ಮಶೀನಿನಲ್ಲಿರುವ ಕ್ರೋಮನ್ನೇ ಬಳಸುತ್ತದೆ. ಆದರೆ ಎರಡನೇ ಟ್ಯಾಬ್ ಅದರ ಕೈಗೆ ಸಿಗುವುದಿಲ್ಲ. ರಶೀದಿಯ ಲಿಂಕಿನಿಂದ ಹೊಸ ಟ್ಯಾಬ್ ತೆರೆಸುವ ಟಾರ್ಗೆಟ್ ಕಿತ್ತು ಪರೀಕ್ಷಿಸಿದರೆ, ಪರೀಕ್ಷೆಯಾದದ್ದು ಬಳಕೆದಾರರು ಒತ್ತುವ ಲಿಂಕಲ್ಲ. ಟೆಸ್ಟ್ ಫೈಲುಗಳನ್ನು ಹಲವು ಮಶೀನುಗಳಿಗೆ ಸೈಪ್ರೆಸ್ಸೇ ಹಂಚಿ ಓಡಿಸಲು ಅವರ ಕ್ಲೌಡ್ ಸೇವೆ ಬೇಕು. ಪ್ಲೇರೈಟ್‌ನಲ್ಲಿ ಈ ತೊಡಕುಗಳಿಲ್ಲ. ಗುಮಾಸ್ತ ಮತ್ತು ಬೆಳೆಗಾರ ಇಬ್ಬರನ್ನೂ ಒಂದೇ ಟೆಸ್ಟಿನಲ್ಲಿ ಲಾಗಿನ್ ಮಾಡಿಸಬಹುದು. ಹಾಗಾಗಿ ನಮ್ಮ ಓಟು ಅದಕ್ಕೆ. ನೆಟ್ ನಿಧಾನವಿರುವಲ್ಲಿ ಮೂರು ಬ್ರೌಸರುಗಳನ್ನೂ ಡೌನ್‌ಲೋಡ್ ಮಾಡಬೇಡಿ: ಇನ್‌ಸ್ಟಾಲ್ ಆಜ್ಞೆಗೆ ಕ್ರೋಮಿಯಂ ಎಂದಷ್ಟೇ ಸೇರಿಸಿ, ಇಲ್ಲವೇ ಕಾನ್ಫಿಗ್‌ನಲ್ಲಿ ಚಾನೆಲ್ ಎಂದು ಕ್ರೋಮ್ ಕೊಡಿ.

ಪ್ಲೇರೈಟ್ ಹಾಕಿದ ದಿನವೇ ಎದುರಾಗುವ ತೊಂದರೆಗಳೂ ಇವೆ. ಅದರ ಮಾದರಿ ಸ್ಪೆಕ್ (ಟೆಸ್ಟ್) ಫೈಲನ್ನು ವೀಟೆಸ್ಟ್ ತನ್ನದೆಂದು ಓಡಿಸಲು ಹೋಗಿ ಬೀಳುತ್ತದೆ. ವೀಟೆಸ್ಟಿನ ಇನ್‌ಕ್ಲೂಡನ್ನು (ಟೆಸ್ಟ್ ಫೈಲು ಎಲ್ಲಿ ಹುಡುಕಬೇಕೆಂಬ ಸೆಟ್ಟಿಂಗ್) ಸೋರ್ಸ್ ಫೋಲ್ಡರಿಗೆ ಸೀಮಿತಗೊಳಿಸಿ. ವೀಟ್‌ನ ಸರ್ವರ್ ಓಡುವ ಪೋರ್ಟ್ 5173. ಅದು ಖಾಲಿ ಇಲ್ಲದಿದ್ದರೆ ತಾನೇ 5174ಕ್ಕೆ ಜಾರುತ್ತದೆ, ಟೆಸ್ಟು ಮಾತ್ರ ಹಳೆಯ ಸರ್ವರನ್ನೇ ನೋಡುತ್ತಿರುತ್ತದೆ. ಪೋರ್ಟ್ ಬದಲಾಗದಂತೆ ಸ್ಟ್ರಿಕ್ಟ್ ಪೋರ್ಟ್ ಆನ್ ಮಾಡಿ. ಪ್ಲೇರೈಟ್‌ನ ವೆಬ್ ಸರ್ವರ್ ವಿಳಾಸಕ್ಕೆ 127.0.0.1 ಬರೆದು, ವೀಟ್ ಐಪಿವಿ6ರ ಲೋಕಲ್‌ಹೋಸ್ಟಿನಲ್ಲಿ (ಅದೇ ಮಶೀನಿನ ಇನ್ನೊಂದು ವಿಳಾಸದಲ್ಲಿ) ಕೂತಿದ್ದರೆ, 60 ಸೆಕೆಂಡು ಕಾದು ಟೈಮ್‌ಔಟ್ ಆಗುತ್ತದೆ. ಎರಡೂ ಕಡೆ ಒಂದೇ ವಿಳಾಸವಿರಲಿ. ‘ಅಡಿಕೆ’ ಎಂದು ಹುಡುಕಿದರೆ ‘ಅಡಿಕೆ ತೂಕ’ವೂ ಸಿಕ್ಕಿ ಸ್ಟ್ರಿಕ್ಟ್ ಮೋಡ್ ಎರರ್ ಬರುತ್ತದೆ, ಪೂರ್ತಿ ಹೊಂದಿದ್ದನ್ನಷ್ಟೇ ಹಿಡಿಯುವ ಎಕ್ಸಾಕ್ಟ್ ಹಾಕಿ. ಟೆಸ್ಟ್ ಫೈಲುಗಳು ಸಮಾನಾಂತರವಾಗಿ ಓಡುವುದರಿಂದ ಎಲ್ಲಕ್ಕೂ ಒಂದೇ ಡೇಟಾಬೇಸ್ ಇದ್ದರೆ ರಶೀದಿ ಸಂಖ್ಯೆಗಳು ಡಿಕ್ಕಿ ಹೊಡೆಯುತ್ತವೆ. ಪ್ರತಿ ವರ್ಕರಿಗೂ (ಟೆಸ್ಟ್ ಓಡಿಸುವ ಪ್ರಕ್ರಿಯೆಗೂ) ಬೇರೆ ಡೇಟಾಬೇಸ್ ಕೊಡಿ, ಶುರುವಿನಲ್ಲಿ ಒಂದೇ ವರ್ಕರ್ ಇಟ್ಟರೂ ನಡೆಯುತ್ತದೆ.

ಪ್ಲೇರೈಟ್‌ನ ಟ್ರೇಸ್‌ಗೆ (ಟೆಸ್ಟಿನ ಹೆಜ್ಜೆ ಹೆಜ್ಜೆಯ ದಾಖಲೆಗೆ) ಇರುವ ಸಿದ್ಧ ಸೆಟ್ಟಿಂಗ್ ಮೊದಲ ಮರುಪ್ರಯತ್ನದಲ್ಲಷ್ಟೇ ದಾಖಲಿಸುತ್ತದೆ. ನಿಮ್ಮ ಮಶೀನಿನಲ್ಲಿ ಮರುಪ್ರಯತ್ನ ಸೊನ್ನೆ, ಹಾಗಾಗಿ ಫೇಲಾದರೂ ಟ್ರೇಸ್ ಇರುವುದಿಲ್ಲ. ಫೇಲಾದಾಗ ಉಳಿಸಿಕೊಳ್ಳುವ ಆಯ್ಕೆಗೆ ಬದಲಿಸಿ.

ಕೋಡ್ ಕಳಿಸಿದಾಗ ತಾನಾಗಿ ಟೆಸ್ಟ್ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು, ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ಹಾಕುವ ಎನ್‌ಪಿಎಂ ಸಿಐ ಓಡಿಸಿ. ಅಲ್ಲಿ ಓಡುವ ಉಬುಂಟು ಲಿನಕ್ಸಿನ ಫಾಂಟುಗಳೇ ಬೇರೆ, ಅಕ್ಷರದ ಅಗಲವೂ ಬೇರೆ. ನೋಟೊ ಸಾನ್ಸ್ ಕನ್ನಡ ಮತ್ತು ಮಲಯಾಳ ಫಾಂಟುಗಳನ್ನು ಆ್ಯಪಿನೊಳಗೇ ಇಟ್ಟು, ಅವು ಲೋಡ್ ಆದ ಮೇಲೆಯೇ ಸ್ಕ್ರೀನ್‌ಶಾಟ್ ತೆಗೆಸಿ. ಸ್ಕ್ರೀನ್‌ಶಾಟಿನ ಹೆಸರಿನಲ್ಲಿ ಆಪರೇಟಿಂಗ್ ಸಿಸ್ಟಂ ಕೂಡ ಸೇರಿರುವುದರಿಂದ ವಿಂಡೋಸಿನಲ್ಲಿ ತೆಗೆದ ಮೂಲಚಿತ್ರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಆ ಉಬುಂಟುವಿನಲ್ಲೇ ತೆಗೆಸಿ ಕಮಿಟ್ ಮಾಡಿ.