ಮಾತು ಕಲಿಸುವ ಸಾಮಗ್ರಿಗಳು: ಮೂರು ವರ್ಷ ಬಳಸಿದ ಮೇಲೆ

ಮಾತು ತಡವಾದ ಮಗು ಮನೆಯಲ್ಲಿದೆ ಎಂದು ಮೊಬೈಲ್‌ಗೆ ಒಮ್ಮೆ ಗೊತ್ತಾದರೆ ಸಾಕು, ಜಾಹೀರಾತುಗಳು ಬೆನ್ನು ಬಿಡುವುದಿಲ್ಲ. ಚಿತ್ರದ ಕಾರ್ಡು, ಗುಂಡಿ ಒತ್ತಿದರೆ ಮಾತನಾಡುವ ಹಲಗೆ, ಊದುವ ಆಟಿಕೆ, ಚಂದಾ ಕಟ್ಟುವ ಆ್ಯಪ್ ಎಲ್ಲದರ ಮೇಲೂ ತಜ್ಞರು ಮೆಚ್ಚಿದ್ದಾರೆ ಎಂಬ ಮುದ್ರೆ. ಇವುಗಳಲ್ಲಿ ಬಹುಪಾಲು ನಮ್ಮ ಮನೆಗೆ ಬಂದು ಹೋಗಿವೆ, ಕೆಲವು ಉಳಿದಿವೆ. ಮಗನಿಗೆ ಎರಡೂವರೆ ವರ್ಷವಿದ್ದಾಗ ಶುರುವಾದದ್ದು ಈಗ ಮೂರು ವರ್ಷ ದಾಟಿದೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ತಾವೇ ಮಾತನಾಡುವ ಸಾಮಗ್ರಿಗಳು ನಮಗೆ ಉಪಯೋಗವಾಗಲಿಲ್ಲ. ಮಗು ಏನನ್ನಾದರೂ ಕೇಳಲೇಬೇಕಾದ ಸಂದರ್ಭ ತರುವ ಸಾಮಗ್ರಿಗಳು ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ.

ಮಗನ ಸ್ಥಿತಿ ಹೇಗಿತ್ತು ಎಂಬುದನ್ನು ತಿಳಿಸದೆ ಈ ಮಾತಿಗೆ ಬೆಲೆಯಿಲ್ಲ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಚಪ್ಪಲಿ ತಾ ಎಂದರೆ ತರುತ್ತಿದ್ದ, ಹೆಸರು ಹಿಡಿದು ಕರೆದರೆ ಮುಖ ನೋಡಿ ನಗುತ್ತಿದ್ದ. ಬಾಯಿಂದ ಬರುತ್ತಿದ್ದದ್ದು ಮಾತ್ರ ಬೆರಳೆಣಿಕೆಯ ಪದಗಳು, ಉಳಿದದ್ದೆಲ್ಲ ಕೈಸನ್ನೆ. ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ, ಎರಡು ವರ್ಷಕ್ಕೆ ‘ಹಾಲು ಬೇಕು’, ‘ಅಪ್ಪ ಬಾ’ ಎಂದು ಎರಡೆರಡು ಪದಗಳನ್ನು ಕೂಡಿಸಿ ಹೇಳುತ್ತಾರೆ. ಇವನು ಕೂಡಿಸುತ್ತಿರಲಿಲ್ಲ. ಶ್ರವಣದೋಷ ಅಥವಾ ಆಟಿಸಂ ಇರುವ ಮಕ್ಕಳಿಗೆ ಬೇಕಾದದ್ದು ಬೇರೆಯೇ ಇರುತ್ತದೆ, ಅವರ ತಂದೆತಾಯಿ ಮುಂದಿನದನ್ನು ಆ ಎಚ್ಚರದಲ್ಲಿ ಓದಿಕೊಳ್ಳಬೇಕು.

ಒಂದೇ ಒಂದು ಕಾರ್ಡು ಕೊಳ್ಳುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ‘ಕೂಗಿದರೆ ತಿರುಗುತ್ತಾನಲ್ಲ, ಕಿವಿಗೇನಾಗಿದೆ’ ಎಂದು ಮನೆಯವರೆಲ್ಲ ಹೇಳುತ್ತಾರೆ. ದೊಡ್ಡ ಸದ್ದಿಗೆ ತಿರುಗುವ ಮಗುವಿಗೂ ಸ, ಶಗಳಂಥ ಮೇಲುಸ್ವರದ ಧ್ವನಿಗಳು ಸರಿಯಾಗಿ ಕೇಳದೆ ಇರಬಹುದು. ನಾವು ಹಾಸನದಿಂದ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದು. ಬೆರಾ ಎಂಬ ಪರೀಕ್ಷೆಯಲ್ಲಿ ಮಗು ಏನನ್ನೂ ಹೇಳಬೇಕಾಗಿಲ್ಲ, ನಿದ್ದೆ ಮಾಡಿದರೆ ಸಾಕು. ತಲೆಗೆ ಅಂಟಿಸಿದ ತಂತಿಗಳು ಶಬ್ದಕ್ಕೆ ನರಗಳು ಸ್ಪಂದಿಸುವುದನ್ನು ಹಿಡಿಯುತ್ತವೆ. ಅಲ್ಲಿ ಮಲಗಬೇಕೆಂದರೆ ದಾರಿಯಲ್ಲಿ ಮಲಗಬಾರದು. ಬೆಳಗಿನ ರೈಲಿನಲ್ಲಿ, ಅರೆನಿದ್ದೆಯಲ್ಲಿ ಎಬ್ಬಿಸಿ ತಂದ ಮಗುವನ್ನು ಎಚ್ಚರವಾಗಿ ಇಟ್ಟುಕೊಳ್ಳುವುದು ಈ ಮೂರು ವರ್ಷಗಳ ಕಷ್ಟದ ಕೆಲಸಗಳಲ್ಲಿ ಒಂದು. ದೂರ ಹೋಗಲಾಗದವರು ಅಂಗನವಾಡಿಯಲ್ಲಿ ಕೇಳಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ತಂಡ ಅಲ್ಲಿಗೆ ಬರುತ್ತದೆ, ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತದೆ.

ನಮ್ಮ ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದನ್ನೂ ದಾಖಲಿಸಬೇಕು. ನಾಲಿಗೆ ಖಾರವಾಯಿತು, ಮಾತು ಬರಲಿಲ್ಲ.

ಈಗ ಸಾಮಗ್ರಿಗಳು. ಎಲ್ಲಕ್ಕಿಂತ ದುಬಾರಿಯಾದದ್ದು ಉಚ್ಚಾರಣೆ ಕಲಿಸುವ ಇಂಗ್ಲಿಷ್ ಕಾರ್ಡುಗಳ ದೊಡ್ಡ ಡಬ್ಬಿ. ದಪ್ಪ ಹಾಳೆ, ಒಳ್ಳೆಯ ಚಿತ್ರ, ಹಾಲು ಚೆಲ್ಲಿದರೂ ಒರೆಸಿಡಬಹುದು. ತಯಾರಿಕೆಯಲ್ಲಿ ಒಂದು ಕೊರತೆಯನ್ನೂ ಹೇಳಲಾರೆ. ತೊಂದರೆ ಇರುವುದು ಅದರ ಲೆಕ್ಕಾಚಾರದಲ್ಲಿ. ಪ್ರತಿ ಧ್ವನಿಗೂ ಮೂರು ಕಟ್ಟುಗಳಿವೆ: ಪದದ ಮೊದಲಲ್ಲಿ ಬರುವುದು, ನಡುವೆ ಬರುವುದು, ಕೊನೆಯಲ್ಲಿ ಬರುವುದು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ನಾವು ಬಸ್ಸು, ಕಾರು, ಬೆಲ್ಲು ಎಂದು ಹೊರಗಿನ ಪದಕ್ಕೂ ಬಾಲ ಸೇರಿಸಿ ಒಳಗೆ ಕರೆದುಕೊಳ್ಳುವವರು. ಹಾಗಾಗಿ ಕೊನೆಯ ಕಟ್ಟಿನ ಕಾರ್ಡುಗಳು ಕನ್ನಡದ ಮಗುವಿಗೆ ಕೆಲಸವೇ ಇಲ್ಲದ ಕಾರ್ಡುಗಳು. ಅದೇ ಹೊತ್ತಿಗೆ ನಮ್ಮ ಮಕ್ಕಳ ಬಾಯಲ್ಲಿ ಬೇಗ ಕೂರುವ ಒತ್ತಕ್ಷರದ ಪದಗಳು, ಅಪ್ಪ, ಅಮ್ಮ, ಅಕ್ಕ, ಅಜ್ಜಿ, ಬೆಕ್ಕು, ಹಣ್ಣು, ಇವುಗಳಿಗೆ ಆ ಡಬ್ಬಿಯಲ್ಲಿ ಜಾಗವೇ ಇಲ್ಲ.

ಇನ್ನೊಂದು ಕೊರತೆ ಹೆಚ್ಚು ಗಂಭೀರ. ಡಬ್ಬಿಯ ತುಂಬ ನಾಮಪದಗಳು. ಮಗುವಿನ ಮುಂದೆ ಕಾರ್ಡು ಹಿಡಿದು ‘ಇದೇನು’ ಎಂದು ಕೇಳುವುದು ಪರೀಕ್ಷೆ, ಮಾತುಕತೆಯಲ್ಲ. ಮಾತು ಕಲಿಸಲು ನಮಗೆ ಎರಡನೆಯದಾಗಿ ಸಿಕ್ಕ ಥೆರಪಿಸ್ಟ್ (ಇವರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ) ಮೊದಲ ತಿಂಗಳಲ್ಲಿಯೇ ಬಾ, ಕೊಡು, ಹಾಕು, ತೆಗಿ, ಊದು, ಸಾಕು ಇವುಗಳನ್ನು ಹಿಡಿದುಕೊಳ್ಳಿ ಎಂದರು. ಒಂದು ‘ಕೊಡು’ ಬಂದರೆ ಹಾಲು, ಚೆಂಡು, ಬಿಸ್ಕತ್ತು ಎಲ್ಲದರ ಜೊತೆಗೂ ಕೂಡುತ್ತದೆ. ‘ಆನೆ’ ಎಂಬ ಪದ ಹಾಸನದ ಮನೆಯೊಳಗೆ ಎಷ್ಟು ಸಲ ಬೇಕಾಗುತ್ತದೆ? (ಸಕಲೇಶಪುರದ ಕಡೆಯವರು ಇದನ್ನು ಒಪ್ಪಲಿಕ್ಕಿಲ್ಲ.)

ಆ ಡಬ್ಬಿಯ ಜಾಗಕ್ಕೆ ಬಂದದ್ದು ರಟ್ಟಿನ ಮೇಲೆ ನಾವೇ ಬರೆದ ಕಾರ್ಡುಗಳು. ನಾಲ್ಕು ವರ್ಷದ ಹೊತ್ತಿಗೆ ಪದಗಳು ಬಂದಿದ್ದವು, ಆದರೆ ಕ ಎಲ್ಲವೂ ತ ಆಗುತ್ತಿತ್ತು, ಗ ಎಲ್ಲವೂ ದ. ಕಾಗೆ ‘ತಾದೆ’ಯಾಗುತ್ತಿತ್ತು. ಇದು ಚಿಕ್ಕ ಮಕ್ಕಳಲ್ಲಿ ಬಹಳ ಸಾಮಾನ್ಯ, ನಾಲಿಗೆಯ ಹಿಂಭಾಗ ಏಳಬೇಕಾದಲ್ಲಿ ತುದಿ ಏಳುತ್ತದೆ. ಥೆರಪಿಸ್ಟ್ ಹೇಳಿದಂತೆ ಜೋಡಿ ಚಿತ್ರಗಳನ್ನು ಬರೆದೆವು. ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಸೀರೆಯುಟ್ಟ ಹೆಂಗಸು: ಕಾಯಿ, ತಾಯಿ. ಅವನು ಅಂಗಡಿಗೆ ಬಂದವನು, ನಾನು ಅಂಗಡಿಯವಳು. ‘ತಾಯಿ ತೊಡು’ ಎಂದ. ಸೀರೆಯವಳ ಚಿತ್ರ ಕೊಟ್ಟೆ. ಕೋಪ ಬಂತು, ಚಿತ್ರವನ್ನು ತಳ್ಳಿ ತೆಂಗಿನಕಾಯಿಯ ಕಡೆ ಬೆರಳು ಮಾಡಿದ. ‘ಓ, ಅದಾ? ಅದು ಗಂಟಲಿನಿಂದ ಬರಬೇಕು’ ಎಂದು ನನ್ನ ಗಂಟಲಿನ ಮೇಲೆ ಅವನ ಕೈ ಇಟ್ಟು ಹೇಳಿ ತೋರಿಸಿದೆ. ತಾನು ಹೇಳುವುದಕ್ಕೂ ತನಗೆ ಸಿಗುವುದಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆದದ್ದು ಈ ಆಟದಲ್ಲಿ. ಹತ್ತು ಸಲ ‘ಕ ಅನ್ನು, ಕ ಅನ್ನು’ ಎಂದು ಕಾಡಿದಾಗ ಹೊಳೆದಿರಲಿಲ್ಲ. ಕ ಸರಿಯಾಗಲು ತಿಂಗಳುಗಳೇ ಹಿಡಿದವು. ಕಲೆ–ತಲೆಯನ್ನೂ ಸೇರಿಸಿಕೊಂಡೆವು, ಆದರೆ ಕಲೆಯ ಚಿತ್ರ ಬರೆಯುವುದು ಸುಲಭವಲ್ಲ, ಅಂಗಿಯ ಮೇಲೆ ಸಾರು ಚೆಲ್ಲಿದಂತೆ ಬರೆಯಬೇಕಾಯಿತು.

ಊದುವ ಆಟಿಕೆಗಳ ಪೊಟ್ಟಣದ ಬಗ್ಗೆ ನನಗೆ ಸಿಟ್ಟಿದೆ. ಪೀಪಿ, ಸೀಟಿ, ಹತ್ತಿ ಉಂಡೆ ಊದುವ ಕೊಳವೆ, ಜೊತೆಗೆ ನಾಲಿಗೆ ಆಡಿಸುವ ವ್ಯಾಯಾಮದ ಪಟ್ಟಿ. ಬಾಯಿಯ ಸ್ನಾಯು ಬಲವಾದರೆ ಮಾತು ಬರುತ್ತದೆ ಎಂಬುದು ಮಾರುವವರ ವಾದ. ಊದುವ ವ್ಯಾಯಾಮದಿಂದ ಮಾತಿನ ಧ್ವನಿಗಳು ಸರಿಯಾಗುತ್ತವೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಚಕ್ಕುಲಿ ಕಡಿಯುವ ಮಗುವಿನ ದವಡೆಗೆ ‘ಕೊಡು’ ಎನ್ನುವಷ್ಟು ಬಲ ಇದ್ದೇ ಇರುತ್ತದೆ.

ಹಾಗಿದ್ದೂ ಸಾಬೂನು ಗುಳ್ಳೆಯ ಬಾಟಲಿಗೆ ಈ ಮನೆಯಲ್ಲಿ ಐದಕ್ಕೆ ಐದು ಅಂಕ. ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವಂಥದ್ದು. ಅದರಲ್ಲಿ ಊದುವವಳು ನಾನು, ಅವನ ಕೆಲಸ ಕೇಳುವುದು. ಮುಚ್ಚಳವನ್ನು ಅವನಿಂದ ತೆಗೆಯಲಾಗದಷ್ಟು ಬಿಗಿಯಾಗಿ ತಿರುಗಿಸಿ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಿದ್ದೆ. ಸುಮ್ಮನೆ ಕೂರುವುದೇ ಇಲ್ಲಿ ವಿದ್ಯೆ. ಮೊದಲು ಬಾಟಲಿಯನ್ನು ನನ್ನ ಕೈಗೆ ತುರುಕುತ್ತಿದ್ದ, ಆಮೇಲೆ ‘ತೆ’ ಎಂದ, ಆಮೇಲೆ ‘ತೆದಿ’, ಅಂದರೆ ತೆಗಿ. ಒಂದು ಸಲ ಊದಿ ನಿಲ್ಲಿಸಿದರೆ ‘ಇನ್ನೂ’. ಗುಳ್ಳೆ ಒಡೆದರೆ ‘ಹೋಯ್ತು’. ಒಂದು ಸಂಜೆಯ ಆಟದಲ್ಲಿ ಬರುವಷ್ಟು ಮಾತು ಕಾರ್ಡಿನ ಡಬ್ಬಿಯಿಂದ ವಾರಕ್ಕೂ ಬಂದಿರಲಿಲ್ಲ. ನೀವು ಹೇಳಿಕೊಡುವ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸಿ ಎಂದು ಥೆರಪಿಸ್ಟ್ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬಲ್ಲವರು ನಾನೊಬ್ಬಳೇ. ಅತ್ತೆ ಎರಡಕ್ಕೇ ‘ಗುಳ್ಳೆ ಬೇಕಾ ಕಂದಾ, ತಗೋ’ ಎಂದುಬಿಡುತ್ತಿದ್ದರು.

ಆ್ಯಪ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಗು ಪದ ಹೇಳಿದರೆ ಪರದೆಯ ಮೇಲೆ ನಕ್ಷತ್ರ ಸುರಿಯುತ್ತದೆ ಎಂದು ಹೇಳಿ ಚಂದಾ ಕಟ್ಟಿಸಿಕೊಂಡರು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದಾಗಲೂ ನಕ್ಷತ್ರ ಸುರಿಯಿತು. ಸದ್ದನ್ನು ಗುರುತಿಸುತ್ತದೆಯೇ ಹೊರತು ಮಾತನ್ನಲ್ಲ. ಮಗ ಎರಡೇ ದಿನದಲ್ಲಿ ಟೇಬಲ್ ಬಡಿದು ನಕ್ಷತ್ರ ಗಳಿಸುವುದನ್ನು ಕಲಿತ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಆ ಒಂದು ಗಂಟೆಯನ್ನು ಈ ಆ್ಯಪ್‌ಗೆ ಕೊಡುವುದು ದಂಡ. ಮಾತನಾಡುವ ಹಲಗೆಯದ್ದೂ ಇದೇ ಕಥೆ, ಬ್ಯಾಟರಿ ಖರ್ಚು ಬೇರೆ.

ಆದರೆ ಚಿತ್ರ ತೋರಿಸಿ ಕೇಳುವ ಹಲಗೆ ಬೇರೆ ಸಂಗತಿ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ನೀರು, ಹೊರಗೆ, ಸಾಕು, ನೋವು, ಇನ್ನೂ ಎಂಬ ಚಿತ್ರಗಳನ್ನು ಒಂದು ಹಾಳೆಯಲ್ಲಿ ಅಂಟಿಸಿ ಲ್ಯಾಮಿನೇಟ್ ಮಾಡಿಸಿ ಫ್ರಿಜ್‌ಗೆ ತಗುಲಿಸಿದ್ದೆವು. ಬೆರಳು ತೋರಿಸುವ ಅಭ್ಯಾಸವಾದರೆ ಮಾತೇ ಬರುವುದಿಲ್ಲ ಎಂದು ಬಂದವರೆಲ್ಲ ಹೆದರಿಸಿದರು. ಇಂಥ ಚಿತ್ರಗಳಿಂದ ಮಾತು ಕುಂಠಿತವಾಗುವುದಿಲ್ಲ ಎಂಬುದು ಈ ಕ್ಷೇತ್ರದವರಿಗೆ ಗೊತ್ತಿರುವ ವಿಷಯ. ನಮ್ಮಲ್ಲಿ ಆದ ಮೊದಲ ಲಾಭವೆಂದರೆ ನೆಲಕ್ಕೆ ಬಿದ್ದು ಹೊರಳಾಡುವುದು ಕಡಿಮೆಯಾಯಿತು. ಬೆರಳು ತೋರಿಸಿದಾಗಲೆಲ್ಲ ನಾವು ಆ ಪದವನ್ನು ಹೇಳುತ್ತಿದ್ದೆವು, ಕ್ರಮೇಣ ಬೆರಳಿನ ಜೊತೆ ಬಾಯಿಯೂ ಸೇರಿಕೊಂಡಿತು.

ಪುಸ್ತಕಗಳಲ್ಲಿ ಹೆಚ್ಚು ಬಳಸಿದ್ದು ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಎಂಬ ಜಾಲತಾಣ. 2015ರಿಂದ ಇದೆ, ಕನ್ನಡದ ಚಿತ್ರಪುಸ್ತಕಗಳು ಧಾರಾಳವಾಗಿವೆ, ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಮೊದಲ ಹಂತದ ಪುಸ್ತಕಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಮಾತು ತಡವಾದ ಮಗುವಿಗೆ ಅದಕ್ಕಿಂತ ಒಳ್ಳೆಯದು ಪದಗಳೇ ಇಲ್ಲದ ಚಿತ್ರಪುಸ್ತಕಗಳು, ಅವೂ ಅಲ್ಲಿ ಸಿಗುತ್ತವೆ. ಓದಿ ಮುಗಿಸುವ ಅವಸರ ಇರುವುದಿಲ್ಲ, ಮಗು ಬೆರಳಿಟ್ಟಲ್ಲಿ ನಿಲ್ಲಬಹುದು. ಕೆಲವು ಅನುವಾದಗಳು ಪಠ್ಯಪುಸ್ತಕದ ಭಾಷೆಯಲ್ಲಿವೆ, ಅಂಥ ಕಡೆ ಮನೆಯ ಮಾತಿಗೆ ತಿರುಗಿಸಿ ಹೇಳಿದೆವು. ಪರದೆಯ ಮೇಲೆ ಓದಿಸುವುದಕ್ಕಿಂತ ಮುದ್ರಿಸಿ ಪಿನ್ ಹೊಡೆದು ಕೊಡುವುದು ಲೇಸು. ಹರಿದರೆ ಮತ್ತೊಂದು ಪ್ರತಿ.

ಕೊನೆಗೆ ಥೆರಪಿ ಸೇವೆ. ನಾವು ಮೊದಲು ಹೋದ ಖಾಸಗಿ ಕೇಂದ್ರದ ಹೆಸರು ಬೇಡ. ಒಂದು ಸೆಷನ್‌ಗೆ 800 ರೂಪಾಯಿ, ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು, ಹೊರಗೆ ಬಂದಾಗ ‘ಇವತ್ತು ಚೆನ್ನಾಗಿ ಮಾಡಿದ’ ಎಂಬ ಒಂದೇ ವಾಕ್ಯ. ಏನು ಮಾಡಿದ, ಮನೆಯಲ್ಲಿ ನಾವೇನು ಮಾಡಬೇಕು ಎಂದು ಕೇಳಿದರೆ ‘ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ’. ಮೇಲಾಗಿ, ಕನ್ನಡ ನಿಲ್ಲಿಸಿ ಮನೆಯಲ್ಲೂ ಇಂಗ್ಲಿಷ್ ಮಾತನಾಡಿ, ಎರಡು ಭಾಷೆ ಅವನಿಗೆ ಗೊಂದಲ ಎಂಬ ಸಲಹೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯವರು ಆಡುವ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಮಾತನಾಡಲು ಉಳಿಯುವವರಾದರೂ ಯಾರು? ಎರಡನೆಯ ತಿಂಗಳು ಬಿಟ್ಟೆವು.

ನಂತರ ಸಿಕ್ಕ ಥೆರಪಿಸ್ಟ್ ಮೊದಲ ದಿನವೇ ನನ್ನನ್ನು ನೆಲದ ಮೇಲೆ ಕೂರಿಸಿ ತಾವು ಆಡುವುದನ್ನು ತೋರಿಸಿ, ಆಮೇಲೆ ನನ್ನ ಕೈಗೆ ಚೆಂಡು ಕೊಟ್ಟು ತಾವು ನೋಡುತ್ತ ಕುಳಿತರು. ಮೈಸೂರಿನ ಸಂಸ್ಥೆಯ ಶಾಲಾಪೂರ್ವ ವಿಭಾಗದಲ್ಲಿಯೂ ತಾಯಂದಿರನ್ನು ಜೊತೆಗೆ ಕೂರಿಸಿಕೊಂಡೇ ಕಲಿಸುತ್ತಾರೆ. ನಮ್ಮ ಈ ಥೆರಪಿಸ್ಟ್ ಅವನ ‘ಅಂಬಾ’, ‘ಬೌಬೌ’, ‘ಬುವ್ವ’ ಎಲ್ಲವನ್ನೂ ಪದಗಳೆಂದೇ ಬರೆದುಕೊಂಡರು, ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಥೆರಪಿಸ್ಟ್ ಆರಿಸುವಾಗ ಮೂರು ವಿಷಯ ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ (1992ರ ಕಾಯ್ದೆಯ ಪ್ರಕಾರ ಇರಲೇಬೇಕು, ಸಂಖ್ಯೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು), ಒಳಗೆ ಕೂರಲು ಬಿಡುತ್ತಾರೆಯೇ, ಮನೆಯ ಭಾಷೆಯಲ್ಲಿ ಕಲಿಸುತ್ತಾರೆಯೇ. ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ.

ಮಗ ಈಗ ವಾಕ್ಯಗಳಲ್ಲಿ ಜಗಳವಾಡುತ್ತಾನೆ. ರ ಇನ್ನೂ ಲ ಆಗಿಯೇ ಇದೆ, ಳ ಕೂಡ. ರ ತಡವಾಗಿ ಬರುವ ಧ್ವನಿ, ಸದ್ಯಕ್ಕೆ ಒತ್ತಾಯ ಬೇಡ ಎಂದಿದ್ದಾರೆ, ಆದರೂ ಕಾರು–ಕಾಲು ಜೋಡಿಯ ರಟ್ಟಿನ ಕಾರ್ಡು ಸಿದ್ಧವಾಗಿದೆ. ಇಂಗ್ಲಿಷ್ ಡಬ್ಬಿಯನ್ನು ಅರ್ಧ ಬೆಲೆಗೆ ಮಾರಲು ಹಾಕಿದ್ದೇನೆ, ಪ್ರಾಣಿಗಳ ಕಟ್ಟನ್ನು ಮಾತ್ರ ಅವನು ಕೊಡಲು ಒಪ್ಪುತ್ತಿಲ್ಲ. ಕೊಳ್ಳುವವರು ಅದಿಲ್ಲದೆ ಕೊಳ್ಳಬೇಕು.