ಡಾಕರ್, ಕಾಂಡಾ, ಸಿಂಗ್ಯುಲಾರಿಟಿ: ವೈರಸ್ ಜೀನೋಮ್ ಕೆಲಸಕ್ಕೆ ಯಾವುದು ಒಳ್ಳೆಯದು?

ನೆಕ್ಸ್ಟ್‌ಸ್ಟ್ರೇನ್ ಸಿಎಲ್‌ಐ (ವೈರಸ್ ಜೀನೋಮುಗಳಿಂದ ವಂಶವೃಕ್ಷ ಕಟ್ಟಲು ಕಮಾಂಡ್ ಹೊಡೆದು ಓಡಿಸುವ ಸಾಧನ) ಹಾಕಿಕೊಂಡ ಕೂಡಲೇ ತಲೆ ತಿನ್ನುವ ಪ್ರಶ್ನೆ ಒಂದೇ. ಯಾವ ರನ್‌ಟೈಮ್, ಅಂದರೆ ಬೇಕಾದ ಪ್ರೋಗ್ರಾಮುಗಳನ್ನು ತಂದು ಓಡಿಸುವ ವ್ಯವಸ್ಥೆ ಯಾವುದು? ಡಾಕರ್, ಕಾಂಡಾ, ಸಿಂಗ್ಯುಲಾರಿಟಿ, ಆಂಬಿಯೆಂಟ್ ಅಂತ ನಾಲ್ಕು ದಾರಿ ಇವೆ. ಎಡಬ್ಲ್ಯುಎಸ್ ಬ್ಯಾಚ್ ಅಂತ ಅಮೆಜಾನಿನ ಬಾಡಿಗೆ ಕಂಪ್ಯೂಟರುಗಳಲ್ಲಿ ಓಡಿಸುವ ಇನ್ನೊಂದೂ ಇದೆ, ಅದಕ್ಕೆ ದುಡ್ಡು ಬೇಕು, ನಾನು ಆ ಕಡೆ ಹೋಗಿಲ್ಲ. ಉಳಿದವುಗಳಲ್ಲಿ ಕೆಲವನ್ನು ಬದಿಯಡ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ, ಕೆಲವನ್ನು ಒಂದು ಲ್ಯಾಬಿನ ಲಿನಕ್ಸ್ ಮೆಷಿನ್ನಿನಲ್ಲಿ ಓಡಿಸಿ ನೋಡಿದ್ದೇನೆ. ಮನೆಯದ್ದು 8 ಜಿಬಿ ರ‍್ಯಾಮಿನ ವಿಂಡೋಸ್, ನೆಟ್ಟು ಬಹುತೇಕ ಮೊಬೈಲ್ ಡೇಟಾ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಓದಿ.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ವೈರಸ್ಸಿನ ಸೀಕ್ವೆನ್ಸ್ (ಜೀನೋಮಿನ ಅಕ್ಷರಗಳ ಸಾಲು) ಇರುವ ಫಾಸ್ಟಾ ಫೈಲು ಕೊಟ್ಟರೆ, ಆಗರ್ ಅನ್ನುವ ಪ್ರೋಗ್ರಾಮು ಮಾಫ್ಟ್ ಬಳಸಿ ಅವನ್ನು ಸಾಲಾಗಿ ಜೋಡಿಸುತ್ತದೆ. ಆಮೇಲೆ ಐಕ್ಯೂ-ಟ್ರೀ ಮರ, ಅಂದರೆ ಆ ವಂಶವೃಕ್ಷ, ಕಟ್ಟುತ್ತದೆ, ಟ್ರೀಟೈಮ್ ಕವಲುಗಳಿಗೆ ತಾರೀಕು ಕೂರಿಸುತ್ತದೆ, ಕೊನೆಗೆ ಬರುವ ಜೇಸನ್ ಫೈಲನ್ನು ಆಸ್ಪೈಸ್ ಬ್ರೌಸರಿನಲ್ಲಿ ತೋರಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡಿಕೊಳ್ಳುವುದು ಸ್ನೇಕ್‌ಮೇಕ್. ಈ ಪ್ರೋಗ್ರಾಮುಗಳೆಲ್ಲ ಎಲ್ಲಿಂದ ಬರಬೇಕು ಅನ್ನುವುದಷ್ಟೇ ರನ್‌ಟೈಮಿನ ಪ್ರಶ್ನೆ. ‘ನೆಕ್ಸ್ಟ್‌ಸ್ಟ್ರೇನ್ ಬಿಲ್ಡ್’ ಅನ್ನುವ ಕಮಾಂಡು ಎಲ್ಲದರಲ್ಲೂ ಅದೇ.

ಮೊದಲು ಝೀಕಾ ಟ್ಯುಟೋರಿಯಲ್ ಓಡಿಸಿದೆ, ಆಮೇಲೆ ಡೆಂಗಿ. ಡೆಂಗಿಯೇ ಯಾಕೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಳೆ ಹಿಡಿದರೆ ಅಡಿಕೆ ಹಾಳೆಯಲ್ಲಿ, ರಬ್ಬರ್ ಚಿಪ್ಪಿನಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆಗೆ ಅಷ್ಟು ಸಾಕು. ಡೆಂಗಿಯಲ್ಲಿ 4 ಸೀರೋಟೈಪ್ (ವೈರಸ್ಸಿನ ಬಗೆ), ಪ್ರತಿಯೊಂದಕ್ಕೂ ಬೇರೆ ಮರ. ಹಾಗಾಗಿ ಮೆಷಿನ್ನಿಗೆ ಚೆನ್ನಾಗಿ ಕೆಲಸ ಬೀಳುತ್ತದೆ.

ಡಾಕರ್ ಅಂದರೆ ಮದುವೆ ಅಡುಗೆಯವರು ಪಾತ್ರೆ, ಒಲೆ, ಸೌದೆ ಸಮೇತ ಬಂದಿಳಿದ ಹಾಗೆ. ನಿಮ್ಮಲ್ಲಿ ಏನಿದೆ ಏನಿಲ್ಲ ಅಂತ ಕೇಳುವುದೇ ಇಲ್ಲ. ಬೆಂಗಳೂರಿನಲ್ಲಿರುವ ಗೆಳೆಯನೂ ನಾನೂ ಒಂದೇ ಟ್ಯಾಗಿನ (ಆವೃತ್ತಿ ಗುರುತಿನ) ಇಮೇಜ್, ಅಂದರೆ ಎಲ್ಲ ಪ್ರೋಗ್ರಾಮು ತುಂಬಿದ ಕಟ್ಟು, ಇಳಿಸಿಕೊಂಡರೆ ಇಬ್ಬರ ಹತ್ತಿರವೂ ಅವೇ ಪ್ರೋಗ್ರಾಮು, ಅವೇ ವರ್ಷನ್. ಇದು ದೊಡ್ಡ ಲಾಭ, ಸುಳ್ಳಲ್ಲ. ಆದರೆ ವಿಂಡೋಸಿನಲ್ಲಿ ಅದಕ್ಕೆ ಡಾಕರ್ ಡೆಸ್ಕ್‌ಟಾಪ್ ಬೇಕು, ಅದು ಡಬ್ಲ್ಯುಎಸ್‌ಎಲ್ 2ರ (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಮೇಲೆ ಕೂರುತ್ತದೆ, ಅದರ ಮೇಲೆ ಇಮೇಜ್ ಬೇರೆ ಇಳಿಯಬೇಕು. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಇದನ್ನು ಶುರು ಮಾಡಿದರೆ ಸಂಜೆಗೆ ವಾಟ್ಸಾಪೂ ಇಲ್ಲ.

ರ‍್ಯಾಮಿನದ್ದು ಇನ್ನೊಂದು ಕತೆ. ಡಬ್ಲ್ಯುಎಸ್‌ಎಲ್ ತಾನಾಗಿ ತೆಗೆದುಕೊಳ್ಳುವುದು ಒಟ್ಟು ರ‍್ಯಾಮಿನ ಅರ್ಧ. ಅಂದರೆ ನನ್ನ 8ರಲ್ಲಿ 4. ಝೀಕಾ ಟ್ಯುಟೋರಿಯಲ್ಲಿಗೆ ಅದು ಧಾರಾಳ. ಸೀಕ್ವೆನ್ಸ್ ಜಾಸ್ತಿ ಆದಾಗ ಮರ ಕಟ್ಟುವ ಹಂತದಲ್ಲಿ ಕೆಲಸ ಅರ್ಧಕ್ಕೆ ಸತ್ತು ಬೀಳುತ್ತದೆ, ಕಾರಣವೂ ನೆಟ್ಟಗೆ ಹೇಳುವುದಿಲ್ಲ. 137 ಅನ್ನುವ ಎಕ್ಸಿಟ್ ಕೋಡ್ ಕಂಡರೆ ಬಹುತೇಕ ರ‍್ಯಾಮ್ ಸಾಲಲಿಲ್ಲ ಅಂತಲೇ ಅರ್ಥ. ‘.ಡಬ್ಲ್ಯುಎಸ್‌ಎಲ್‌ಕಾನ್ಫಿಗ್’ ಫೈಲಿನಲ್ಲಿ ಮೆಮೊರಿ ಏರಿಸಬಹುದು, ಇಲ್ಲದಿದ್ದರೆ ಸೀಕ್ವೆನ್ಸ್ ಕಡಿಮೆ ಮಾಡಿ.

ಇನ್ನೂ ಒಂದಿದೆ, ಇದು ನನಗೆ ಎಲ್ಲಕ್ಕಿಂತ ಕಿರಿಕಿರಿ. ಡಾಕರಿಗೆ ಕಾಣುವುದು ನೀವು ಕೊಟ್ಟ ಫೋಲ್ಡರ್ ಮಾತ್ರ. ಡೇಟಾ ಬೇರೆ ಕಡೆ ಇಟ್ಟು, ಇಲ್ಲಿಗೆ ಸಿಮ್‌ಲಿಂಕ್ (ಬೇರೆ ಕಡೆಯ ಫೈಲಿಗೆ ದಾರಿ ತೋರಿಸುವ ಕೊಂಡಿ) ಹಾಕಿದ್ದರೆ ‘ಫೈಲೇ ಇಲ್ಲ’ ಅನ್ನುತ್ತದೆ. ಫೈಲ್ ನಿಮ್ಮ ಕಣ್ಣೆದುರೇ ಇರುತ್ತದೆ!

ಕಾಂಡಾ ಅಂದರೆ ಪ್ರೋಗ್ರಾಮುಗಳನ್ನು ಡಬ್ಬಿಯಲ್ಲಿ ಮುಚ್ಚದೆ ನೇರ ನಿಮ್ಮ ಮೆಷಿನ್ನಿಗೇ ಹಾಕುವ ದಾರಿ, ಅದರಲ್ಲಿ ಈ ರಗಳೆ ಇಲ್ಲ. ‘ನೆಕ್ಸ್ಟ್‌ಸ್ಟ್ರೇನ್ ಸೆಟಪ್ ಕಾಂಡಾ’ ಅಂತ ಹೊಡೆದರೆ ಮೈಕ್ರೋಮಾಂಬಾ ಅನ್ನುವ ಪುಟ್ಟ ಇನ್‌ಸ್ಟಾಲರ್ ತಾನೇ ಬಂದು, ನಿಮ್ಮ ಹೋಮ್ ಫೋಲ್ಡರಿನ ‘.ನೆಕ್ಸ್ಟ್‌ಸ್ಟ್ರೇನ್’ ಒಳಗೆ ಎಲ್ಲ ಹಾಕಿ ಮುಗಿಸುತ್ತದೆ. ನಿಮ್ಮದೇ ಕಾಂಡಾ ಮೊದಲೇ ಇದ್ದರೆ ಅದನ್ನು ಮುಟ್ಟುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಬೇಡ, ಹಿಂದೆ ಸದಾ ಓಡುತ್ತಿರುವ ಸರ್ವಿಸ್ ಇಲ್ಲ, ಸಿಮ್‌ಲಿಂಕಿನ ಜಗಳ ಇಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ನಾನು ಈಗ ಇಟ್ಟುಕೊಂಡಿರುವುದು ಇದನ್ನೇ. ವಿಂಡೋಸಿನವರು ಇದನ್ನು ಡಬ್ಲ್ಯುಎಸ್‌ಎಲ್ ಒಳಗೇ ಓಡಿಸಬೇಕು, ರ‍್ಯಾಮಿನ ಮಿತಿ ಇಲ್ಲೂ ಅದೇ. ಮತ್ತೆ ಡೇಟಾವನ್ನು ಸಿ ಡ್ರೈವಿನಲ್ಲಿ ಇಟ್ಟು ಅಲ್ಲಿಂದ ಓದಿಸಬೇಡಿ, ತುಂಬಾ ನಿಧಾನ. ಲಿನಕ್ಸಿನ ಹೋಮಿಗೇ ಕಾಪಿ ಮಾಡಿಕೊಳ್ಳಿ. ಕೊರತೆ ಅಂದರೆ ಫೈಲುಗಳಿಗೆ ಬೇಲಿ ಇಲ್ಲ. ವರ್ಕ್‌ಫ್ಲೋದಲ್ಲಿ (ಹಂತಗಳನ್ನು ಬರೆದಿಟ್ಟ ಫೈಲಿನಲ್ಲಿ) ಯಾರೋ ಎಡವಟ್ಟು ಬರೆದಿದ್ದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಎಲ್ಲಿ ಬೇಕಾದರೂ ಕೈ ಹಾಕಬಹುದು. ಗುರುತು ಪರಿಚಯ ಇಲ್ಲದವರು ಬರೆದದ್ದನ್ನು ಓಡಿಸುವಾಗ ನಾನು ಡಾಕರಿಗೇ ಹೋಗುತ್ತೇನೆ.

ಲ್ಯಾಬಿನ ಮೆಷಿನ್ನಿನಲ್ಲಿ ಡಾಕರ್ ಕೇಳಿದೆ, ಕೊಡುವುದಿಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಡಾಕರ್ ಗ್ರೂಪಿಗೆ ಒಬ್ಬರನ್ನು ಸೇರಿಸಿದರೆ ಇಡೀ ಮೆಷಿನ್ನಿನ ರೂಟ್ ಅಧಿಕಾರ ಕೊಟ್ಟ ಹಾಗೇ, ಹತ್ತು ಜನ ಬಳಸುವ ಮೆಷಿನ್ನಿನಲ್ಲಿ ಯಾರು ಒಪ್ಪುತ್ತಾರೆ? ಅಲ್ಲಿಗೆ ಸಿಂಗ್ಯುಲಾರಿಟಿ. ಡಾಕರಿನ ಅದೇ ಇಮೇಜನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡು, ಸಾಮಾನ್ಯ ಬಳಕೆದಾರನ ಹೆಸರಲ್ಲೇ ಓಡಿಸುತ್ತದೆ. ಬದಲಾಯಿಸುವಾಗ ಒಮ್ಮೆ ಸಮಯವೂ ಡಿಸ್ಕೂ ತಿನ್ನುತ್ತದೆ, ಹೋಮಿಗೆ ಕೋಟಾ ಇದ್ದರೆ ಮೊದಲೇ ನೋಡಿಕೊಳ್ಳಿ. ಲಿನಕ್ಸಿನಲ್ಲಿ ಮಾತ್ರ ನಡೆಯುತ್ತದೆ, ಮನೆಯಲ್ಲಿ ಇದನ್ನು ಹಾಕಲು ನನಗೆ ಕಾರಣ ಕಾಣಲಿಲ್ಲ.

ಆಂಬಿಯೆಂಟ್ ಅಂದರೆ ಎಲ್ಲ ಪ್ರೋಗ್ರಾಮನ್ನೂ ನೀವೇ ಹಾಕಿಕೊಳ್ಳುವುದು. ಆಗರನ್ನೇ ತಿದ್ದುವವರಿಗೆ ಸರಿ, ಉಳಿದವರು ಸುಮ್ನೆ ಕಷ್ಟಪಡಬೇಡಿ.

ನಮ್ಮ ಕಡೆ ಮಳೆಗಾಲದ ಕರೆಂಟಿನ ವಿಷಯ ಗೊತ್ತಲ್ಲ. ಬ್ಯಾಟರಿ ಸತ್ತು ಲ್ಯಾಪ್‌ಟಾಪ್ ಆರಿದರೆ, ಮತ್ತೆ ಓಡಿಸುವಾಗ ಸ್ನೇಕ್‌ಮೇಕ್ ‘ಫೋಲ್ಡರ್ ಲಾಕ್ ಆಗಿದೆ’ ಅಂತ ಹಟ ಹಿಡಿಯುತ್ತದೆ. ಯಾವ ರನ್‌ಟೈಮ್ ಆದರೂ ಇದು ತಪ್ಪಿದ್ದಲ್ಲ. ಬಿಲ್ಡ್ ಕಮಾಂಡಿನ ಕೊನೆಗೆ ‘--ಅನ್‌ಲಾಕ್’ ಸೇರಿಸಿ ಒಮ್ಮೆ ಓಡಿಸಿ, ಆಮೇಲೆ ‘--ರೀರನ್-ಇನ್‌ಕಂಪ್ಲೀಟ್’ ಸೇರಿಸಿ. ಪೂರ್ತಿ ಮುಗಿದ ಹಂತಗಳನ್ನು ಮತ್ತೆ ಮಾಡುವುದಿಲ್ಲ, ಅರ್ಧಕ್ಕೆ ನಿಂತದ್ದರಿಂದ ಮುಂದುವರಿಯುತ್ತದೆ.

ಎರಡು ರನ್‌ಟೈಮಿನಲ್ಲಿ ಮರ ಒಂಚೂರು ಬೇರೆ ಬಂದರೆ ತಕ್ಷಣ ರನ್‌ಟೈಮಿನ ಮೇಲೆ ಗೂಬೆ ಕೂರಿಸಬೇಡಿ. ಐಕ್ಯೂ-ಟ್ರೀ ಮರ ಹುಡುಕಲು ಶುರು ಮಾಡುವುದೇ ಯಾದೃಚ್ಛಿಕ ಸಂಖ್ಯೆಯಿಂದ, ಒಂದೇ ಮೆಷಿನ್ನಿನಲ್ಲಿ ಎರಡು ಸಲ ಓಡಿಸಿದರೂ ಸಣ್ಣ ಕವಲು ಆಚೀಚೆ ಆಗಬಹುದು. ಸೀಡ್ (ಆ ಶುರುವಿನ ಸಂಖ್ಯೆ) ಒಂದೇ ಕೊಟ್ಟು, ವರ್ಷನ್ ಒಂದೇ ಇದೆಯಾ ನೋಡಿ, ಆಮೇಲೆ ಹೋಲಿಸಿ.

ಮರವೇ ಬೇಡ, ನನ್ನ ಸ್ಯಾಂಪಲ್ ಯಾವ ಕ್ಲೇಡಿಗೆ (ಮರದ ಯಾವ ಕವಲಿಗೆ) ಸೇರಿದ್ದು ಅಂತ ತಿಳಿದರೆ ಸಾಕು ಅನ್ನುವವರಿಗೆ ಇದ್ಯಾವುದೂ ಬೇಡ. ನೆಕ್ಸ್ಟ್‌ಕ್ಲೇಡ್ ಒಂದೇ ಫೈಲಿನ ಪ್ರೋಗ್ರಾಮು, ಇಳಿಸಿಕೊಂಡು ಡೇಟಾಸೆಟ್ ತಂದು ಓಡಿಸುವುದಷ್ಟೇ. ಬ್ರೌಸರಿನಲ್ಲೂ ನಡೆಯುತ್ತದೆ, ಲೆಕ್ಕವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಆಗುವುದರಿಂದ ಸೀಕ್ವೆನ್ಸ್ ಹೊರಗೆ ಹೋಗುವುದಿಲ್ಲ.