ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ?

ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು ಲ್ಯಾಪ್‌ಟಾಪನ್ನು ತೊಡೆ ಮೇಲೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ, ಅಲ್ವಾ? ಅಂಥವರು ಮೊದಲು ಬಾಳಿಕೆ ನೋಡಿ. ಹಾರ್ಡ್ ಡಿಸ್ಕ್ ಒಳಗೆ ಫೈಲುಗಳನ್ನು ಬರೆದಿಡುವ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಓದುವ ಹೆಡ್ಡು ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಮ್ಮಿ ಅಂತರದಲ್ಲಿ ತೇಲುತ್ತಿರುತ್ತದೆ, ಆಗ ಜೋರಾಗಿ ಏಟು ಬಿದ್ದರೆ ತಟ್ಟೆಗೆ ಗೀರು ಬೀಳುತ್ತದೆ. ನನ್ನದು ಹಾಗೇ ಹೋಯಿತು. ಬಿ.ಎಚ್. ರಸ್ತೆಯಲ್ಲಿ ಬೈಕ್ ಹಳ್ಳಕ್ಕೆ ಇಳಿದಾಗ ಲ್ಯಾಪ್‌ಟಾಪ್ ಚೀಲದಲ್ಲಿ ಆನ್ ಇತ್ತು. ಮನೆಗೆ ಬಂದು ತೆರೆದರೆ ಬರೀ ಟಕ್ ಟಕ್ ಸದ್ದು. ಮಗಳ ಮೊದಲ ವರ್ಷದ ಫೋಟೊಗಳೆಲ್ಲ ಹೋದವು, ಇವತ್ತಿಗೂ ಬೇಜಾರು.

ಎಸ್‌ಎಸ್‌ಡಿ ಫೈಲುಗಳನ್ನು ಚಿಪ್‌ಗಳಲ್ಲಿ ಇಡುತ್ತದೆ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಆದರೆ ಕೆಟ್ಟರೆ ಸದ್ದಿಲ್ಲದೆ ಒಮ್ಮೆಲೇ ಕೆಡಬಹುದು. ಹಾಗಾಗಿ ಯಾವುದೇ ತಗೊಳ್ಳಿ, ಇನ್ನೊಂದು ಪ್ರತಿ ಬೇಕೇ ಬೇಕು.

ವೇಗದ ಮಾತು ಬಂದರೆ, ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ, ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಹಳೇ ಬಗೆಯ ಸಂಪರ್ಕವನ್ನೇ ಬಳಸುವಂಥದ್ದು) 500 ದಾಟುತ್ತದೆ, ಎನ್‌ವಿಎಂಇ (ಹೊಸ, ವೇಗದ ಬಗೆಯ ಎಸ್‌ಎಸ್‌ಡಿ) ಹಲವು 3000ಕ್ಕೂ ಜಾಸ್ತಿ. ದೊಡ್ಡ ವಿಡಿಯೊ ಎಡಿಟ್ ಮಾಡದಿದ್ದರೆ ಸಾಟಾ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.

ಜಾಗ ಮಾತ್ರ ಹಾರ್ಡ್ ಡಿಸ್ಕಿನಲ್ಲೇ ಅಗ್ಗ. ನಾನು ಹೇಳುವುದು ಇಷ್ಟು: ಒಳಗೆ 512 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಹಳೇ ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಮನೆಯಲ್ಲೇ ಇಡಿ. ಕೊಳ್ಳುವ ಮೊದಲು ಸ್ಲಾಟ್ ನೋಡಿ, ಕೆಲವು ಎಂ.2 ಸ್ಲಾಟ್ (ಚಪ್ಪಟೆ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಸಾಟಾ ಮಾತ್ರ ತಗೊಳ್ಳುತ್ತವೆ.